ನಾಯಿಯ ಥೈರಾಯ್ಡ್ ಮಾತ್ರೆ: ಪಶುವೈದ್ಯರನ್ನು ನಂಬಬೇಕೇ, ಔಷಧಿ ಅಂಗಡಿಯವರನ್ನೇ?

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ಹೆಣ್ಣು ನಾಯಿಗೆ ಏಳು ವರ್ಷ, ತೂಕ 28 ಕಿಲೋ. ಊಟ ಹೆಚ್ಚಿಸದಿದ್ದರೂ ದಪ್ಪಗಾಗುತ್ತಾ ಬಂತು, ಬಾಲದ ಕೂದಲು ಉದುರಿತು, ದಿನವಿಡೀ ಮಲಗಿರುತ್ತದೆ. ರಕ್ತ ಪರೀಕ್ಷೆ ಮಾಡಿಸಿದ ಪಶುವೈದ್ಯರು ಥೈರಾಯ್ಡ್ ಕಡಿಮೆಯಿದೆ ಎಂದು ಲೆವೊಥೈರಾಕ್ಸಿನ್ ಎಂಬ ಥೈರಾಯ್ಡ್ ಹಾರ್ಮೋನ್ ಮಾತ್ರೆಯನ್ನು 500 ಮೈಕ್ರೋಗ್ರಾಂ ದಿನಕ್ಕೆರಡು ಬಾರಿ ಬರೆದುಕೊಟ್ಟರು. ಔಷಧಿ ಅಂಗಡಿಯ ಫಾರ್ಮಸಿಸ್ಟ್ ಚೀಟಿ ನೋಡಿ ಗಾಬರಿಯಾದರು. ‘ದೊಡ್ಡವರೇ ದಿನಕ್ಕೊಂದು 100 ಮೈಕ್ರೋಗ್ರಾಂ ಮಾತ್ರೆ ನುಂಗುತ್ತಾರೆ, ನಾಯಿಗೆ ಒಂದು ಹೊತ್ತಿಗೆ ಐದು ಮಾತ್ರೆಯೇ? ಎಲ್ಲೋ ಒಂದು ಸೊನ್ನೆ ಹೆಚ್ಚು ಬಿದ್ದಿದೆ, 50 ಕೊಡಿ’ ಎಂದು 50ರ ಮಾತ್ರೆಗಳನ್ನೇ ಕೊಟ್ಟರು. ನಾನೂ ಹೆದರಿ ಮೂರು ವಾರದಿಂದ ಅದನ್ನೇ ಕೊಡುತ್ತಿದ್ದೇನೆ. ನಾಯಿಯಲ್ಲಿ ಯಾವ ಬದಲಾವಣೆಯೂ ಇಲ್ಲ. ಮುಂದಿನ ವಾರ ಮತ್ತೆ ರಕ್ತ ಪರೀಕ್ಷೆ ಇದೆ. ನಮ್ಮ ಅಕ್ಕನ ಮನೆಯ ಬೆಕ್ಕಿಗೆ ಸಕ್ಕರೆ ಕಾಯಿಲೆ. ಅವಳೂ ಇನ್ಸುಲಿನ್, ಸಿರಿಂಜ್ ತರುವುದು ಅದೇ ಅಂಗಡಿಯಿಂದ. ನಾವು ಯಾರ ಮಾತು ಕೇಳಬೇಕು? ಪ್ರಾಣಿಗಳ ಚಿಕಿತ್ಸೆಯಲ್ಲಿ ಫಾರ್ಮಸಿಸ್ಟ್‌ಗೆ ನಿಜವಾಗಿ ಏನು ಕೆಲಸ?

ಉತ್ತರ: ಮೊದಲು ನಿಮ್ಮ ಪಶುವೈದ್ಯರಿಗೆ ಫೋನ್ ಮಾಡಿ. ಮೂರು ವಾರದಿಂದ 500ರ ಬದಲು 50 ಮೈಕ್ರೋಗ್ರಾಂ ಕೊಡುತ್ತಿದ್ದೀರಿ ಎಂಬುದನ್ನು ಮುಂದಿನ ವಾರದ ಪರೀಕ್ಷೆಗೆ ಮೊದಲೇ ತಿಳಿಸಿಬಿಡಿ. ಇದಕ್ಕೆ ಕಾರಣವಿದೆ. ವಿಷಯ ಗೊತ್ತಿಲ್ಲದೆ ರಕ್ತ ಪರೀಕ್ಷೆ ಮಾಡಿದರೆ ಥೈರಾಯ್ಡ್ ಮಟ್ಟ ಈಗಲೂ ಕಡಿಮೆಯೇ ಬರುತ್ತದೆ. ಆಗ ವೈದ್ಯರು 500 ಕೊಟ್ಟರೂ ಸಾಲುತ್ತಿಲ್ಲ ಎಂದು ಭಾವಿಸಿ ಪ್ರಮಾಣವನ್ನು ಇನ್ನೂ ಏರಿಸಬಹುದು, ಇಲ್ಲವೇ ರೋಗವೇ ಬೇರೆ ಇರಬೇಕು ಎಂದು ಬೇಡದ ಪರೀಕ್ಷೆಗಳತ್ತ ಹೊರಳಬಹುದು. ಹೇಳಲು ಸಂಕೋಚ ಬೇಡ. ಬಿಳಿ ಕೋಟು ಹಾಕಿದವರೊಬ್ಬರು ‘ಇದು ಅಪಾಯ’ ಎಂದಾಗ ಯಾರಾದರೂ ಹೆದರುತ್ತಾರೆ.

ಪಶು ಆಸ್ಪತ್ರೆಯೊಂದರ ಔಷಧಿ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದವನಾಗಿ ಹೇಳುತ್ತೇನೆ: ಆ ಫಾರ್ಮಸಿಸ್ಟ್‌ಗೆ ಬಂದ ಅನುಮಾನ ತಪ್ಪಲ್ಲ. ಮಾಮೂಲಿಗಿಂತ ಐದು ಪಟ್ಟು, ಹತ್ತು ಪಟ್ಟು ದೊಡ್ಡ ಸಂಖ್ಯೆ ಕಂಡಾಗ ಕೈ ತಡೆಯುವುದೇ ನಮ್ಮ ಕಸುಬಿನ ಮೊದಲ ಪಾಠ. ಅವರು ತಪ್ಪಿದ್ದು ಅದರ ಮುಂದಿನ ಹೆಜ್ಜೆಯಲ್ಲಿ. ಅನುಮಾನ ಬಂದರೆ ಚೀಟಿ ಬರೆದವರಿಗೆ ಫೋನ್ ಮಾಡಬೇಕು. ಕೇಳದೆ ಪ್ರಮಾಣ ಬದಲಿಸುವ ಅಧಿಕಾರ ಫಾರ್ಮಸಿಸ್ಟ್‌ಗೆ ಇಲ್ಲ, ಮನುಷ್ಯರ ಚೀಟಿಯಲ್ಲೂ ಇಲ್ಲ, ನಾಯಿಯ ಚೀಟಿಯಲ್ಲೂ ಇಲ್ಲ.

ಈಗ ಪ್ರಮಾಣದ ವಿಷಯ. ನಾಯಿಗಳಿಗೆ ಲೆವೊಥೈರಾಕ್ಸಿನ್ ಆರಂಭಿಸುವಾಗ ಸಾಮಾನ್ಯವಾಗಿ ಲೆಕ್ಕ ಹಾಕುವುದು ಪ್ರತಿ ಕಿಲೋ ತೂಕಕ್ಕೆ ಒಂದು ಹೊತ್ತಿಗೆ ಸುಮಾರು 20 ಮೈಕ್ರೋಗ್ರಾಂ, ದಿನಕ್ಕೆ ಎರಡು ಹೊತ್ತು. 28 ಕಿಲೋಗೆ ಅದು 560 ಆಗುತ್ತದೆ. ನಿಮ್ಮ ವೈದ್ಯರು ಅದನ್ನು 500ಕ್ಕೆ ಇಳಿಸಿ ಬರೆದಿದ್ದಾರೆ. ಸೊನ್ನೆ ಹೆಚ್ಚಾಗಿಲ್ಲ. ಥೈರಾಯ್ಡ್ ಪೂರ್ತಿ ಕೆಲಸ ನಿಲ್ಲಿಸಿದ ಮನುಷ್ಯರಿಗೆ ಬೇಕಾಗುವುದು ಕಿಲೋಗೆ ದಿನಕ್ಕೆ ಸುಮಾರು 1.6 ಮೈಕ್ರೋಗ್ರಾಂ ಮಾತ್ರ. ಅಂದರೆ ತೂಕಕ್ಕೆ ತೂಕ ನೋಡಿದರೆ ನಾಯಿಗೆ ಮನುಷ್ಯರಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಬೇಕು. ಮನುಷ್ಯರ ಔಷಧಿಯನ್ನೇ ಓದಿ ಬಂದವರಿಗೆ ಇದು ನಂಬಲಾಗದ ಲೆಕ್ಕ. ಆದರೆ ಕಾರಣ ಸರಳವಾಗಿದೆ. ಮನುಷ್ಯರ ರಕ್ತದಲ್ಲಿ ಈ ಹಾರ್ಮೋನನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವ ಪ್ರೋಟೀನ್ ಇದೆ. ಆದ್ದರಿಂದ ನುಂಗಿದ ಔಷಧಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಹಿಡಿಯುತ್ತದೆ. ನಾಯಿಯಲ್ಲಿ ಆ ಹಿಡಿತ ಸಡಿಲ. ಅರ್ಧ ದಿನದ ಆಸುಪಾಸಿನಲ್ಲೇ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಅದರ ಮೇಲೆ ನಾಯಿಯ ಕರುಳು ಈ ಮಾತ್ರೆಯನ್ನು ಹೀರಿಕೊಳ್ಳುವುದೂ ಕಡಿಮೆ. ದಿನಕ್ಕೆರಡು ಬಾರಿ ಬರೆದಿರುವುದೂ ಇದೇ ಕಾರಣಕ್ಕೆ.

ಹಾಗಾಗಿ ನೀವು ಕೊಡುತ್ತಿರುವ 50 ಮೈಕ್ರೋಗ್ರಾಂ ನಿಮ್ಮ ನಾಯಿಗೆ ಹೆಚ್ಚುಕಡಿಮೆ ಏನೂ ಕೊಡದಿರುವುದಕ್ಕೆ ಸಮ. ಇದರಿಂದ ಹಾನಿಯಾಗಿರುವುದಿಲ್ಲ, ಚಿಕಿತ್ಸೆ ಮೂರು ವಾರ ತಡವಾಗಿದೆ, ಅಷ್ಟೇ.

ಹಾಗೆಂದು ದೊಡ್ಡ ಪ್ರಮಾಣ ಎಲ್ಲ ನಾಯಿಗಳಿಗೂ ನಿರಪಾಯ ಎಂದು ತಿಳಿಯಬೇಡಿ. ಹೃದಯ ರೋಗವಿರುವ ನಾಯಿಗೆ ಕಡಿಮೆಯಿಂದ ಆರಂಭಿಸಿ ನಿಧಾನವಾಗಿ ಏರಿಸುತ್ತಾರೆ. ಅಡ್ರಿನಲ್ ಗ್ರಂಥಿ ಸೋತಿರುವ, ಅಂದರೆ ಅಡಿಸನ್ ಕಾಯಿಲೆ ಇರುವ ನಾಯಿಗೆ ಅದನ್ನು ಸರಿಪಡಿಸದೆ ಥೈರಾಯ್ಡ್ ಮಾತ್ರೆ ಕೊಟ್ಟರೆ ಪ್ರಾಣಕ್ಕೇ ಕುತ್ತು ಬರಬಹುದು. ಔಷಧಿ ಹೆಚ್ಚಾದರೆ ನಾಯಿ ಚಡಪಡಿಸುತ್ತದೆ, ಏದುಸಿರು ಬಿಡುತ್ತದೆ, ನೀರು ಜಾಸ್ತಿ ಕುಡಿಯುತ್ತದೆ, ಎದೆಬಡಿತ ಏರುತ್ತದೆ, ತೂಕ ಇಳಿಯುತ್ತದೆ. ಇವು ಕಂಡರೆ ತಿಳಿಸಿ. 50ರಿಂದ 500ಕ್ಕೆ ನಾಳೆಯೇ ಹೋಗಬೇಕೇ, ನಡುವೆ ಮೆಟ್ಟಿಲು ಬೇಕೇ ಎಂಬುದನ್ನು ನಿಮ್ಮ ನಾಯಿಯ ಎದೆಗೆ ಸ್ಟೆತಸ್ಕೋಪ್ ಇಟ್ಟವರೇ ನಿರ್ಧರಿಸಲಿ.

ಔಷಧಿ ಕೊಡುವ ಕ್ರಮದಲ್ಲೂ ಎಡವಟ್ಟುಗಳಾಗುತ್ತವೆ. ಆಹಾರದ ಜೊತೆ ಕೊಟ್ಟರೆ ಈ ಮಾತ್ರೆ ಕಡಿಮೆ ಹೀರಲ್ಪಡುತ್ತದೆ. ಖಾಲಿ ಹೊಟ್ಟೆಗೆ ಕೊಡುವುದು ಒಳ್ಳೆಯದು. ಅದು ಆಗದಿದ್ದರೆ ಊಟದೊಂದಿಗೇ ಕೊಡಿ, ಆದರೆ ಪ್ರತಿದಿನ ಹಾಗೆಯೇ ಕೊಡಿ. ಒಂದು ದಿನ ಹಾಗೆ, ಇನ್ನೊಂದು ದಿನ ಹೀಗೆ ಆದರೆ ಪರೀಕ್ಷೆಯ ಸಂಖ್ಯೆಗೆ ಅರ್ಥವೇ ಇರುವುದಿಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಅಂಶದ ಟಾನಿಕ್, ಹೊಟ್ಟೆಹುಣ್ಣಿಗೆ ಕೊಡುವ ಸುಕ್ರಾಲ್‌ಫೇಟ್ ಇವುಗಳನ್ನು ಜೊತೆಯಲ್ಲಿ ಕೊಟ್ಟರೆ ಮಾತ್ರೆ ಕರುಳಿನಲ್ಲೇ ಅವುಗಳಿಗೆ ಅಂಟಿಕೊಂಡು ಹೊರಹೋಗುತ್ತದೆ. ಕೂದಲು ಚೆನ್ನಾಗಿ ಬರಲೆಂದು ಕ್ಯಾಲ್ಸಿಯಂ ಪುಡಿಯನ್ನು ಅದೇ ಬಟ್ಟಲಿಗೆ ಹಾಕುವವರು ಅನೇಕರಿದ್ದಾರೆ. ಕೆಲವು ಗಂಟೆಗಳ ಅಂತರ ಬೇಕು.

ರೋಗನಿರ್ಣಯದ ಬಗ್ಗೆಯೂ ಒಂದು ಮಾತು, ಏಕೆಂದರೆ ಇಲ್ಲಿ ಫಾರ್ಮಸಿಸ್ಟ್ ನಿಜವಾಗಿ ಉಪಯೋಗಕ್ಕೆ ಬರುತ್ತಾರೆ. ನಾಯಿಯ ರಕ್ತದಲ್ಲಿ ಟಿ4 ಎಂಬ ಥೈರಾಯ್ಡ್ ಹಾರ್ಮೋನ್ ಕಡಿಮೆ ಬಂದ ಮಾತ್ರಕ್ಕೆ ಥೈರಾಯ್ಡ್ ಗ್ರಂಥಿ ಕೆಟ್ಟಿದೆ ಎಂದು ಅರ್ಥವಲ್ಲ. ಬೇರೆ ಯಾವುದೋ ಕಾಯಿಲೆಯಿಂದ ಬಳಲುತ್ತಿರುವ ನಾಯಿಯಲ್ಲೂ ಅದು ಇಳಿಯುತ್ತದೆ. ಕೆಲವು ಔಷಧಿಗಳೂ ಇಳಿಸುತ್ತವೆ: ಫಿಟ್ಸ್‌ಗೆ ಕೊಡುವ ಫಿನೋಬಾರ್ಬಿಟಾಲ್, ಸಲ್ಫಾ ಗುಂಪಿನ ಆಂಟಿಬಯೋಟಿಕ್, ತುರಿಕೆಗೆ ಕೊಡುವ ಸ್ಟೀರಾಯ್ಡ್. ಚರ್ಮದ ಸೋಂಕಿಗೆಂದು ವಾರಗಟ್ಟಲೆ ಸಲ್ಫಾ ನುಂಗಿದ ನಾಯಿಗೆ, ಅದನ್ನು ಬರೆದವರು ಒಬ್ಬರು, ಥೈರಾಯ್ಡ್ ಪರೀಕ್ಷೆ ಮಾಡಿದವರು ಇನ್ನೊಬ್ಬರಾದರೆ, ಎರಡೂ ಚೀಟಿ ಒಂದೇ ಕೌಂಟರ್‌ಗೆ ಬಂದಾಗ ಮಾತ್ರ ಎಳೆ ಸಿಗುತ್ತದೆ. ನಿಮ್ಮ ನಾಯಿಗೆ ಕಳೆದ ಎರಡು ಮೂರು ತಿಂಗಳಲ್ಲಿ ಕೊಟ್ಟ ಎಲ್ಲ ಔಷಧಿಗಳ ಪಟ್ಟಿ ಮಾಡಿ, ಕಿವಿಗೆ ಹಾಕಿದ ಹನಿಯನ್ನೂ ಸೇರಿಸಿ. ಇನ್ನೊಂದು ಪ್ರಶ್ನೆಯನ್ನು ನಾನು ತಪ್ಪದೆ ಕೇಳುತ್ತೇನೆ: ಮನೆಯಲ್ಲಿ ಯಾರಾದರೂ ಮೈಗೆ ಹಚ್ಚಿಕೊಳ್ಳುವ ಹಾರ್ಮೋನ್ ಜೆಲ್ ಅಥವಾ ಸ್ಪ್ರೇ ಬಳಸುತ್ತಾರೆಯೇ? ಈಸ್ಟ್ರೋಜನ್ ಹಚ್ಚಿದ ತೋಳನ್ನು ನೆಕ್ಕುವ ನಾಯಿಯಲ್ಲಿ ಕೂದಲು ಉದುರುವುದು, ಮೊಲೆತೊಟ್ಟು ಊದುವುದು ಉಂಟು. ಮೇಲ್ನೋಟಕ್ಕೆ ಅದೂ ಗ್ರಂಥಿಯ ಕಾಯಿಲೆಯಂತೆಯೇ ಕಾಣುತ್ತದೆ.

ಅಂದಹಾಗೆ, ನಾಯಿಗೆ ಥೈರಾಯ್ಡ್ ಕಡಿಮೆಯಾಗಿದ್ದು ಅಯೋಡಿನ್ ಇಲ್ಲದ ಉಪ್ಪಿನಿಂದ ಎಂದು ಕೆಲವರು ಹೇಳುತ್ತಾರೆ. ಹಾಗಲ್ಲ. ಬಹುತೇಕ ನಾಯಿಗಳಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಗ್ರಂಥಿಯ ಮೇಲೆ ತಿರುಗಿಬಿದ್ದಿರುತ್ತದೆ, ಅಥವಾ ಗ್ರಂಥಿ ತಾನಾಗಿ ಸವೆದು ಕೊಬ್ಬಾಗಿರುತ್ತದೆ. ಸತ್ತ ಅಂಗಾಂಶ ಮತ್ತೆ ಹುಟ್ಟುವುದಿಲ್ಲ, ಆದ್ದರಿಂದ ಕೂದಲು ಬಂದ ಮೇಲೆ ಮಾತ್ರೆ ನಿಲ್ಲಿಸುವಂತಿಲ್ಲ. ರೋಗನಿರ್ಣಯ ಸರಿಯಿದ್ದರೆ ಇದು ಜೀವನಪರ್ಯಂತದ ಔಷಧಿ.

ಇನ್ನು ನಿಮ್ಮ ಅಕ್ಕನ ಬೆಕ್ಕು. ನಿಮ್ಮ ಪತ್ರ ಓದುವಾಗ ನನಗೆ ನಾಯಿಗಿಂತ ಹೆಚ್ಚು ಆತಂಕವಾಗಿದ್ದು ಆ ಒಂದು ಸಾಲಿನಿಂದ. ಥೈರಾಯ್ಡ್ ಮಾತ್ರೆಯಲ್ಲಿ ತಪ್ಪಾದರೆ ಸರಿಪಡಿಸಿಕೊಳ್ಳಲು ವಾರಗಳ ಸಮಯವಿರುತ್ತದೆ. ಇನ್ಸುಲಿನ್‌ನಲ್ಲಿ ಇರುವುದು ಗಂಟೆಗಳು ಮಾತ್ರ.

ಇವತ್ತೇ ಅಕ್ಕನಿಗೆ ಹೇಳಿ, ಇನ್ಸುಲಿನ್ ಬಾಟಲಿಯನ್ನೂ ಸಿರಿಂಜನ್ನೂ ಅಕ್ಕಪಕ್ಕ ಇಟ್ಟು ನೋಡಲಿ. ಬಾಟಲಿಯ ಮೇಲೆ ಒಂದು ಮಿಲಿಲೀಟರಿಗೆ 40 ಯೂನಿಟ್ ಎಂದಿದೆಯೇ, 100 ಎಂದಿದೆಯೇ? ಸಿರಿಂಜಿನ ಮೇಲೂ ಅದೇ ಸಂಖ್ಯೆ ಇರಬೇಕು. ಸಾಮಾನ್ಯವಾಗಿ 40ರ ಸಿರಿಂಜಿನ ಮುಚ್ಚಳ ಕೆಂಪು, 100ರದ್ದು ಕಿತ್ತಳೆ ಬಣ್ಣ. ಆದರೆ ಬಣ್ಣವನ್ನು ನಂಬಿ ಕೂರದೆ ಮುದ್ರಿಸಿದ ಸಂಖ್ಯೆಯನ್ನು ಓದಲಿ. ಬೆಕ್ಕಿಗೆ 2 ಯೂನಿಟ್ ಬರೆದಿದ್ದಾರೆ ಎಂದಿಟ್ಟುಕೊಳ್ಳಿ. ಬಾಟಲಿ 100ರದ್ದಾಗಿ, ಸಿರಿಂಜ್ 40ರದ್ದಾಗಿದ್ದರೆ 2ರ ಗೆರೆಯವರೆಗೆ ಎಳೆದಾಗ ಒಳಬರುವುದು 5 ಯೂನಿಟ್. ನಾಲ್ಕೈದು ಕಿಲೋ ತೂಕದ ಜೀವಕ್ಕೆ ಅದು ಮಾರಕವಾಗಬಹುದು. ಅದಲು ಬದಲಾಗಿ, ಬಾಟಲಿ 40ರದ್ದು, ಸಿರಿಂಜ್ 100ರದ್ದಾದರೆ ಅದೇ ಗೆರೆಗೆ ಬರುವುದು 0.8 ಯೂನಿಟ್ ಮಾತ್ರ. ಬೆಕ್ಕಿನ ಸಕ್ಕರೆ ಇಳಿಯುವುದಿಲ್ಲ, ವೈದ್ಯರು ಪ್ರಮಾಣ ಏರಿಸುತ್ತಾ ಹೋಗುತ್ತಾರೆ, ಒಂದು ದಿನ ಅಂಗಡಿಯಲ್ಲಿ ಸರಿಯಾದ ಸಿರಿಂಜ್ ಸಿಕ್ಕಾಗ ಬೆಕ್ಕು ಕುಸಿದು ಬೀಳುತ್ತದೆ. ಎರಡೂವರೆಯಿಂದ ಗುಣಿಸಿಕೊಂಡು ಬೇರೆ ಸಿರಿಂಜ್ ಬಳಸಬಹುದಲ್ಲ ಎಂದು ಕೆಲವರು ಲೆಕ್ಕ ಹೇಳಿಕೊಡುತ್ತಾರೆ. ಬೆಳಗಿನ ಗಡಿಬಿಡಿಯಲ್ಲಿ, ಮನೆಯಲ್ಲಿ ಇನ್ಯಾರೋ ಸೂಜಿ ಹಾಕುವ ದಿನ, ಆ ಲೆಕ್ಕ ತಪ್ಪುತ್ತದೆ. ಬಾಟಲಿಗೆ ತಕ್ಕ ಸಿರಿಂಜನ್ನೇ ತರಲಿ.

ಪ್ರಾಣಿಗಳಿಗೆಂದೇ ಬರುವ ಇನ್ಸುಲಿನ್‌ಗಳು ಹೆಚ್ಚಾಗಿ 40ರವು. ಮನುಷ್ಯರ ಗ್ಲಾರ್ಜಿನ್ ಎಂಬ ಇನ್ಸುಲಿನ್ ಸಾಮಾನ್ಯವಾಗಿ 100ರದ್ದು, ಬೆಕ್ಕುಗಳಿಗೆ ಅದನ್ನೂ ಬರೆಯುತ್ತಾರೆ. ಕೆಲವು ದೇಶಗಳಲ್ಲಿ ಮನುಷ್ಯರ ಇನ್ಸುಲಿನ್ ಕೂಡ 40ರ ಬಾಟಲಿಯಲ್ಲಿ ಸಿಗುವುದರಿಂದ ಗೊಂದಲ ಇನ್ನೂ ಹೆಚ್ಚು. ಒಂದು ಬಗೆಯ ಇನ್ಸುಲಿನ್ ಇಲ್ಲದಿದ್ದರೆ ಇನ್ನೊಂದನ್ನು ಕೊಡುವುದು ಮಾತ್ರ ಯಾವ ಕಾರಣಕ್ಕೂ ಸಲ್ಲದು. ಕೆಲಸ ಆರಂಭಿಸುವ ವೇಗ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಒಂದೊಂದಕ್ಕೆ ಒಂದೊಂದು ರೀತಿ. ಹಂದಿಯ ಇನ್ಸುಲಿನ್ ರಚನೆಯಲ್ಲಿ ನಾಯಿಯದಕ್ಕೆ ತದ್ರೂಪ. ಬೆಕ್ಕಿನದು ಹಸುವಿನದಕ್ಕೆ ಹತ್ತಿರ. ಬಾಟಲಿ ಹಿಡಿಯುವ ರೀತಿಯೂ ಬೇರೆ. ಗ್ಲಾರ್ಜಿನ್ ನೀರಿನಂತೆ ತಿಳಿಯಾಗಿರಬೇಕು, ಮಸುಕಾದರೆ ಎಸೆಯಬೇಕು, ಅದಕ್ಕೆ ಏನನ್ನೂ ಬೆರೆಸಿ ತೆಳು ಮಾಡಬಾರದು. ಹಾಲಿನಂತಿರುವ ಇನ್ಸುಲಿನ್‌ಗಳಲ್ಲಿ ಕೆಲವನ್ನು ಅಂಗೈ ನಡುವೆ ಮೆಲ್ಲಗೆ ಉರುಳಿಸಬೇಕು, ಕೆಲವನ್ನು ಕುಲುಕಬೇಕು. ಯಾವುದಕ್ಕೆ ಯಾವುದು ಎಂದು ಪೆಟ್ಟಿಗೆಯೊಳಗಿನ ಕಾಗದದಲ್ಲಿ ಬರೆದಿರುತ್ತದೆ. ಓದಿ ತೋರಿಸಿ ಎಂದು ಫಾರ್ಮಸಿಸ್ಟ್‌ರನ್ನೇ ಕೇಳಲಿ. ಇಡಬೇಕಾದದ್ದು ಫ್ರಿಜ್‌ನಲ್ಲಿ, 2ರಿಂದ 8 ಡಿಗ್ರಿಯಲ್ಲಿ. ಫ್ರೀಜರ್ ಪೆಟ್ಟಿಗೆಗೆ ತಾಗಿ ಒಮ್ಮೆ ಹೆಪ್ಪುಗಟ್ಟಿದ್ದರೆ ಕರಗಿದ ಮೇಲೂ ಅದು ಕೆಲಸಕ್ಕೆ ಬಾರದು.

ಬೆಕ್ಕು ಇದ್ದಕ್ಕಿದ್ದಂತೆ ತೂರಾಡಿದರೆ, ಬಲವಿಲ್ಲದೆ ಬಿದ್ದರೆ, ಮೈ ಅದುರಿದರೆ ಸಕ್ಕರೆ ಇಳಿದಿದೆ ಎಂದೇ ತಿಳಿಯಬೇಕು. ಒಸಡಿಗೆ ಜೇನುತುಪ್ಪವನ್ನೋ ಗ್ಲೂಕೋಸ್ ನೀರನ್ನೋ ಸವರಿ, ಎಚ್ಚರವಿದ್ದರೆ ತಿನ್ನಲು ಕೊಟ್ಟು, ತಕ್ಷಣ ವೈದ್ಯರಲ್ಲಿಗೆ ಒಯ್ಯಬೇಕು. ಬಾಯಿಗೆ ಸುರಿಯಬಾರದು, ಶ್ವಾಸಕೋಶಕ್ಕೆ ಇಳಿದೀತು. ಬೆಳಿಗ್ಗೆ ಊಟ ಮುಟ್ಟದಿದ್ದರೆ ಮಾಮೂಲಿ ಇನ್ಸುಲಿನ್ ಹಾಕುವ ಮೊದಲು ಫೋನ್ ಮಾಡಲಿ. ಮನುಷ್ಯರ ಗ್ಲುಕೋಮೀಟರ್ ಬೆಕ್ಕು ನಾಯಿಗಳ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ ಎಂಬುದೂ ನೆನಪಿನಲ್ಲಿರಲಿ. ಇಷ್ಟೆಲ್ಲ ಹೇಳಿದ್ದು ಹೆದರಿಸಲು ಅಲ್ಲ. ಬೆಕ್ಕಿನ ಮಧುಮೇಹ ಹೆಚ್ಚಾಗಿ ಮನುಷ್ಯರ ಎರಡನೇ ಬಗೆಯ ಮಧುಮೇಹವನ್ನು ಹೋಲುತ್ತದೆ. ಬೇಗ ಚಿಕಿತ್ಸೆ ಆರಂಭಿಸಿ, ಪಿಷ್ಟ ಕಡಿಮೆ ಇರುವ ಆಹಾರ ಕೊಟ್ಟರೆ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ನೇ ಬೇಡವಾಗುವ ದಿನ ಬರುತ್ತದೆ. ನಾಯಿಗಳಲ್ಲಿ ಹಾಗಾಗುವುದು ತೀರಾ ಅಪರೂಪ. ಬಾಯಿಯ ಮೂಲಕ ಕೊಡುವ ಹೊಸ ಔಷಧಿಗಳೂ ಬೆಕ್ಕುಗಳಿಗೆ ಬಂದಿವೆ. ಅಮೆರಿಕದಲ್ಲಿ ಬೆಕ್ಸಾಗ್ಲಿಫ್ಲೋಜಿನ್‌ಗೆ 2022ರಲ್ಲಿ, ವೆಲಾಗ್ಲಿಫ್ಲೋಜಿನ್‌ಗೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಸೂಜಿಯ ಕಾಟ ತಪ್ಪುತ್ತದೆ ಎಂದು ಆಸೆಯಾಗುವುದು ಸಹಜ. ಆದರೆ ಈಗಾಗಲೇ ಇನ್ಸುಲಿನ್ ತೆಗೆದುಕೊಳ್ಳುತ್ತಿರುವ ಬೆಕ್ಕಿಗೆ ಅವು ಹೊಂದುವುದಿಲ್ಲ. ರಕ್ತದ ಸಕ್ಕರೆ ಸರಿಯಿರುವಂತೆ ಕಾಣುತ್ತಲೇ ಮೈಯಲ್ಲಿ ಕೊಬ್ಬು ಕರಗಿ ಹುಟ್ಟುವ ಕೀಟೋನ್ ಎಂಬ ಆಮ್ಲ ಏರಿ ಸಾಯುವ ಅಪಾಯವಿದೆ. ಅಂಗಡಿಯಲ್ಲಿ ಯಾರಾದರೂ ಸಲಹೆ ಕೊಟ್ಟರೆಂದು ಬದಲಾಯಿಸುವ ಔಷಧಿ ಅದಲ್ಲ.

ಸ್ಟೀರಾಯ್ಡ್ ಇರುವ ಔಷಧಿಗಳು, ಕೆಲವೊಮ್ಮೆ ಕಿವಿಯ ಹನಿ ಕೂಡ, ಸಕ್ಕರೆ ಏರಿಸುತ್ತವೆ. ಸಕ್ಕರೆ ಕಾಯಿಲೆ ಎಂದಾಗ ‘ಸಕ್ಕರೆರಹಿತ’ ಸಿರಪ್ ಹುಡುಕುವ ಅಭ್ಯಾಸವೂ ಇದೆ. ನಾಯಿಗಳ ವಿಷಯದಲ್ಲಿ ಅದು ದೊಡ್ಡ ಗಂಡಾಂತರ. ಅಂಥ ಕೆಲವು ಸಿರಪ್‌ಗಳಲ್ಲಿ ಜೈಲಿಟಾಲ್ ಎಂಬ ಸಿಹಿ ಇರುತ್ತದೆ. ಅದು ನಾಯಿಯ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಒಮ್ಮೆಲೇ ಸುರಿಯುವಂತೆ ಮಾಡಿ ಸಕ್ಕರೆಯನ್ನು ಪಾತಾಳಕ್ಕೆ ಇಳಿಸುತ್ತದೆ, ಯಕೃತ್ತನ್ನೂ ಕೆಡಿಸಬಹುದು. ಮನುಷ್ಯರ ಯಾವುದೇ ದ್ರವ ಔಷಧಿಯನ್ನು ನಾಯಿಗೆ ಕೊಡುವ ಮೊದಲು ಅದರಲ್ಲಿ ಏನೇನಿದೆ ಎಂದು ಓದುವುದು ಫಾರ್ಮಸಿಸ್ಟ್‌ನ ಕೆಲಸ.

ಔಷಧಿ ಸಿದ್ಧಪಡಿಸಿಕೊಡುವುದೂ ಅಷ್ಟೇ ಮುಖ್ಯ. ಬೆಕ್ಕಿಗೆ ಥೈರಾಯ್ಡ್ ಹೆಚ್ಚಾದಾಗ ಕೊಡುವ ಮೆಥಿಮಜೋಲ್ ಕಹಿ, ನುಂಗಿಸುವುದು ಕಷ್ಟ. ಅದನ್ನು ಜೆಲ್ ಮಾಡಿ ಕಿವಿಯ ಒಳಭಾಗಕ್ಕೆ ಹಚ್ಚಬಹುದು: ಇವತ್ತು ಎಡಗಿವಿ, ನಾಳೆ ಬಲಗಿವಿ, ಕೈಗೆ ಕಡ್ಡಾಯವಾಗಿ ಗ್ಲೌಸ್. ಹಚ್ಚುವವರ ಚರ್ಮದಿಂದಲೂ ಅದು ಒಳಹೋಗುತ್ತದೆ, ಗರ್ಭಿಣಿಯರಂತೂ ಮುಟ್ಟಲೇಬಾರದು. ವಾಂತಿ ಕಡಿಮೆ, ಆದರೆ ಪರಿಣಾಮ ಮಾತ್ರೆಗಿಂತ ನಿಧಾನ. ಇದು ಕೆಲಸ ಮಾಡಿತೆಂದು ಎಲ್ಲವನ್ನೂ ಜೆಲ್ ಮಾಡಿಕೊಡಿ ಎಂದು ಕೇಳುವವರಿದ್ದಾರೆ. ಇನ್ಸುಲಿನ್ ಚರ್ಮ ದಾಟುವುದಿಲ್ಲ. ಬೇರೆ ಬಹಳಷ್ಟು ಔಷಧಿಗಳಿಗೂ ಪುರಾವೆ ಇಲ್ಲ. ಅಡ್ರಿನಲ್ ಹಾರ್ಮೋನ್ ಅತಿಯಾಗುವ, ಅಂದರೆ ನಾಯಿಗಳ ಕುಶಿಂಗ್ ಕಾಯಿಲೆಗೆ ಕೊಡುವ ಟ್ರಿಲೋಸ್ಟೇನ್ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು. ಅಂಗಡಿಗಳಲ್ಲಿ ಮರುತಯಾರಿಸಿದ ಕ್ಯಾಪ್ಸೂಲ್‌ಗಳನ್ನು ಪರೀಕ್ಷಿಸಿದಾಗ ಲೇಬಲ್ ಮೇಲಿನ ಸಂಖ್ಯೆಗೂ ಒಳಗಿರುವ ಔಷಧಿಗೂ ತಾಳೆಯಾಗದ ಉದಾಹರಣೆಗಳು ಸಿಕ್ಕಿವೆ. ಅಡ್ರಿನಲ್ ಗ್ರಂಥಿಯನ್ನು ಅದುಮಿಡುವ ಔಷಧಿಯಲ್ಲಿ ಆ ವ್ಯತ್ಯಾಸ ತಡೆಯುವಂಥದ್ದಲ್ಲ. ಆ ಮಾತ್ರೆಯಲ್ಲಿರುವ ನಾಯಿ ಊಟ ಬಿಟ್ಟರೆ, ವಾಂತಿ ಮಾಡಿದರೆ, ಮಂಕಾದರೆ ಮುಂದಿನ ಡೋಸ್ ಕೊಡದೆ ವೈದ್ಯರನ್ನು ಕೇಳಬೇಕು. ಬೆಕ್ಕುಗಳು ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡನ್ನು ಪ್ರೆಡ್ನಿಸೊಲೋನ್ ಆಗಿ ಸರಿಯಾಗಿ ಬದಲಿಸಿಕೊಳ್ಳಲಾರವು. ಹಾಗಾಗಿ ಮನುಷ್ಯರಲ್ಲಿ ಒಂದರ ಬದಲು ಇನ್ನೊಂದು ನಡೆದರೂ ಬೆಕ್ಕಿಗೆ ಪ್ರೆಡ್ನಿಸೊಲೋನ್ ಬರೆದಿದ್ದರೆ ಅದನ್ನೇ ಕೊಡಬೇಕು.

ಯಾರ ಮಾತು ಕೇಳಬೇಕು ಎಂದು ಕೇಳಿದ್ದೀರಿ. ಯಾವ ಔಷಧಿ, ಎಷ್ಟು ಎಂಬುದರಲ್ಲಿ ನಾಯಿಯನ್ನು ನೋಡಿದ ಪಶುವೈದ್ಯರ ಮಾತು. ಆ ಔಷಧಿ ಬೇರೆ ಯಾವುದರೊಂದಿಗೆ ತಿಕ್ಕಾಡುತ್ತದೆ, ಹೇಗೆ ಇಡಬೇಕು, ಯಾವ ಸಿರಿಂಜ್, ಯಾವ ರೂಪದಲ್ಲಿ ಕೊಟ್ಟರೆ ಪ್ರಾಣಿ ನುಂಗುತ್ತದೆ ಎಂಬುದರಲ್ಲಿ ಫಾರ್ಮಸಿಸ್ಟ್ ಮಾತು. ಇಬ್ಬರ ಮಾತು ಒಂದಕ್ಕೊಂದು ವಿರುದ್ಧವಾದರೆ ತೀರ್ಪು ಕೊಡುವ ಹೊಣೆ ನಿಮ್ಮದಲ್ಲ. ಕೌಂಟರ್ ಮುಂದೆ ನಿಂತೇ ‘ದಯವಿಟ್ಟು ಈಗಲೇ ವೈದ್ಯರಿಗೆ ಫೋನ್ ಮಾಡಿ’ ಎಂದು ಕೇಳುವ ಹಕ್ಕು ನಿಮಗಿದೆ. ಅನುಭವಸ್ಥ ಫಾರ್ಮಸಿಸ್ಟ್ ಅದಕ್ಕೆ ಬೇಸರಪಡುವುದಿಲ್ಲ.

ಚೀಟಿಯೇ ಸ್ಪಷ್ಟವಾಗಿದ್ದರೆ ಅರ್ಧ ಜಗಳ ಮುಗಿಯುತ್ತದೆ. ಮೇಲೆ ‘ನಾಯಿ, 28 ಕಿಲೋ’ ಎಂದು ದೊಡ್ಡದಾಗಿ ಬರೆಯಲು ನಿಮ್ಮ ವೈದ್ಯರನ್ನು ಕೇಳಿಕೊಳ್ಳಿ. ‘500 ಮೈಕ್ರೋಗ್ರಾಂ, ಅಂದರೆ 0.5 ಮಿಲಿಗ್ರಾಂ’ ಎಂದು ಎರಡೂ ರೀತಿ ಬರೆಯಲಿ. ಯೂನಿಟ್ ಎಂಬುದನ್ನು ಪೂರ್ತಿ ಪದವಾಗಿ ಬರೆಯಲಿ. ಯೂನಿಟ್ ಎನ್ನಲು ಬರೆಯುವ ಇಂಗ್ಲಿಷಿನ ‘ಯು’ (U) ಅಕ್ಷರವನ್ನು ಸೊನ್ನೆ ಎಂದು ಓದಿ 4 ಯೂನಿಟ್ 40 ಆದ ತಪ್ಪುಗಳು ಔಷಧಿ ಪ್ರಪಂಚದಲ್ಲಿ ಹೊಸದಲ್ಲ. ಪಶುವೈದ್ಯರು ದಿನಕ್ಕೊಂದು ಬಾರಿ ಎನ್ನಲು ‘ಎಸ್‌ಐಡಿ’ ಎಂದು ಬರೆಯುವ ರೂಢಿಯಿದೆ. ಮನುಷ್ಯರ ಔಷಧಿ ಅಂಗಡಿಗಳಲ್ಲಿ ಆ ಸಂಕ್ಷೇಪ ಬಳಕೆಯಲ್ಲಿಲ್ಲ, ಅದನ್ನು ಎರಡು ಬಾರಿ ಎಂಬರ್ಥದ ‘ಬಿಐಡಿ’ ಎಂದು ಓದಿಬಿಡುವ ಸಾಧ್ಯತೆ ಇದೆ. ‘ದಿನಕ್ಕೆ ಒಮ್ಮೆ’ ಎಂದು ಅಕ್ಷರದಲ್ಲೇ ಬರೆದರೆ ಆ ತೊಂದರೆ ಇರುವುದಿಲ್ಲ. 100ರ ಐದು ಮಾತ್ರೆ ನುಂಗಿಸುವುದು ಕಷ್ಟವಾದರೆ ನಾಯಿಗಳಿಗೆಂದೇ ತಯಾರಾದ ದೊಡ್ಡ ಸಾಮರ್ಥ್ಯದ ಮಾತ್ರೆ ಸಿಗುತ್ತದೆಯೇ ಎಂದು ವಿಚಾರಿಸಿ. ಒಮ್ಮೆ ಒಂದು ಕಂಪನಿಯ ಮಾತ್ರೆಗೆ ಹೊಂದಿಕೊಂಡ ಮೇಲೆ ತಿಂಗಳಿಗೊಂದು ಕಂಪನಿ ಬದಲಿಸಬೇಡಿ. ಬದಲಿಸಲೇಬೇಕಾದರೆ ವೈದ್ಯರಿಗೆ ತಿಳಿಸಿ, ಮತ್ತೆ ರಕ್ತ ಪರೀಕ್ಷೆ ಬೇಕಾಗಬಹುದು.

ಮುಂದಿನ ವಾರದ ಪರೀಕ್ಷೆಯಿಂದ ಈಗ ಉಪಯೋಗವಿಲ್ಲ, ವೈದ್ಯರು ಬಹುಶಃ ಮುಂದಕ್ಕೆ ಹಾಕುತ್ತಾರೆ. ಸರಿಯಾದ ಪ್ರಮಾಣ ಆರಂಭಿಸಿ ನಾಲ್ಕರಿಂದ ಎಂಟು ವಾರಗಳಾದ ಮೇಲೆ, ಬೆಳಗಿನ ಮಾತ್ರೆ ಕೊಟ್ಟು ನಾಲ್ಕರಿಂದ ಆರು ಗಂಟೆಗಳೊಳಗೆ ರಕ್ತ ತೆಗೆಸಬೇಕು. ಮಾತ್ರೆ ಕೊಟ್ಟ ಸಮಯವನ್ನು ಬರೆದಿಟ್ಟುಕೊಳ್ಳಿ. ಲವಲವಿಕೆ ಮೊದಲ ಒಂದೆರಡು ವಾರಗಳಲ್ಲೇ ಕಾಣಬಹುದು. ಕೂದಲು ಬರಲು ತಿಂಗಳುಗಳು ಬೇಕು, ಆರಂಭದಲ್ಲಿ ಹಳೆಯ ಕೂದಲು ಇನ್ನಷ್ಟು ಉದುರುವುದೂ ಉಂಟು. ಅದನ್ನು ಕಂಡು ಮಾತ್ರೆ ನಿಲ್ಲಿಸಬೇಡಿ. ಉಳಿದಿರುವ 50ರ ಮಾತ್ರೆಗಳನ್ನು ಹೊಸ ಡಬ್ಬಿಯೊಂದಿಗೆ ಬೆರೆಸದೆ ಅಂಗಡಿಗೆ ಹಿಂದಿರುಗಿಸಿ. ಹೋದಾಗ ವೈದ್ಯರ ಫೋನ್ ನಂಬರನ್ನು ಆ ಫಾರ್ಮಸಿಸ್ಟ್‌ಗೆ ಕೊಟ್ಟು ಬನ್ನಿ.